ಎಲ್ಲರೆದುರು ಕೇಳಿದ ಪ್ರಶ್ನೆ

ಮೊನ್ನೆ ಹಾಸ್ಟೆಲಿನ ಹಿಂದೆ ಯಾರೋ ಹಸಿ ರಾಗಿ ತೆನೆ ಸುಡುತ್ತಿದ್ದರು. ಆ ವಾಸನೆಗೆ ಓದು ಮುಂದೆ ಸಾಗಲಿಲ್ಲ. ನಮ್ಮೂರು ಜೀರಹಳ್ಳಿಯಲ್ಲಿ ಪಕ್ಕದ ಮನೆಯ ದೊಡ್ಡಪ್ಪ ಕಾವಲು ಮುಗಿಸಿ ಬರುವಾಗ ನನಗೆಂದು ಸುಟ್ಟ ತೆನೆ ತರುತ್ತಿದ್ದರು. ಸಂಬಂಧಿಕರಲ್ಲ, ಹಾಗೆ ಕರೆದು ರೂಢಿ.

ರಾಗಿ ಬಲಿಯುವ ಕಾಲಕ್ಕೆ ಆನೆ ಹೊಲಕ್ಕೆ ನುಗ್ಗದಂತೆ ರಾತ್ರಿ ಕಾಯಲು ಮನೆಗೊಬ್ಬರಂತೆ ಸರದಿಯ ಮೇಲೆ ಅಟ್ಟಣೆ ಹತ್ತುವುದು ನಮ್ಮೂರ ಕಟ್ಟಳೆ. ನಾನು ಮೈಸೂರಿನಲ್ಲಿ ಮನಶ್ಶಾಸ್ತ್ರಕ್ಕೆ ಸೇರಿದ ವರ್ಷ ದೊಡ್ಡಪ್ಪ ಇದ್ದಕ್ಕಿದ್ದಂತೆ ಹತ್ತುವುದನ್ನು ಬಿಟ್ಟರು. ಏಣಿಯ ಬುಡದಲ್ಲೇ ಕೈಕಾಲು ನಡುಗುತ್ತಿತ್ತಂತೆ. ಕಾರಣ ಯಾರಿಗೂ ತಿಳಿಯದು. ಅವರ ಸರದಿಗೆ ದೊಡ್ಡಮ್ಮ ಹೋಗತೊಡಗಿದರು. ಆಮೇಲೆ ದೊಡ್ಡಪ್ಪ ಬೀದಿಯಲ್ಲಿ ತಲೆಯೆತ್ತಿ ನಡೆದದ್ದು ಕಡಿಮೆ.

ದೀಪಾವಳಿ ರಜೆಯಲ್ಲಿ ನಮ್ಮ ಜಗಲಿಗೆ ಬಂದರು. ಇನ್ನೂ ಕೆಲವರು ಕೂತಿದ್ದರು.

"ಮನ್ಸಿನ್ ಓದು ಓದ್ತಿದ್ದಿಯಂತಲ್ಲವ್ವ, ಇದ್ಕೇನಾರ ಮದ್ದು ಅದಾ?"

ಆಗಷ್ಟೇ ಕಲಿತದ್ದನ್ನು ಕ್ರಮವಾಗಿ ಹೇಳಿದೆ. ಒಂದು ಪಂಥದವರು ಭಯದ ಬೇರನ್ನು ಬಾಲ್ಯದಲ್ಲಿ, ನಾವೇ ಮರೆತ ಸಂಗತಿಗಳಲ್ಲಿ ಹುಡುಕುತ್ತಾರೆ. ಇನ್ನೊಂದು ಪಂಥದವರಿಗೆ ಒಳಗಿನ ಕಥೆ ಬೇಡ. ಭಯವೂ ಕಲಿತ ಅಭ್ಯಾಸ, ಒಂದೊಂದೇ ಮೆಟ್ಟಿಲು ಹತ್ತಿಸಿ ಬಿಡಿಸಬಹುದು. ಮೂರನೆಯವರು, ಮನುಷ್ಯನನ್ನು ತುಂಡು ತುಂಡಾಗಿ ನೋಡಬಾರದು, ಅಟ್ಟಣೆ, ಕತ್ತಲು, ಊರು ಎಲ್ಲ ಸೇರಿ ಅವನಿಗೆ ಹೇಗೆ ಕಾಣುತ್ತದೆಂದು ತಿಳಿಯಬೇಕು ಎನ್ನುತ್ತಾರೆ.

"ಮೊದ್ಲು ಹೆದರಿದ್ದು ಯಾವಾಗ, ದೊಡ್ಡಪ್ಪ?" ಎಂದು ಕೇಳಿದೆ.

ಅವರು ಬಾಯಿ ತೆರೆದರು. ಸುತ್ತ ನೋಡಿ ಮುಚ್ಚಿಕೊಂಡರು.

"ಮೂರು ಜನ ಪಂಡಿತ್ರು, ಮೂರು ಮದ್ದು. ಇವ್ನು ಯಾವ್ದ ಕುಡೀಬೇಕವ್ವ?" ಎಂದರು ಎದುರುಮನೆಯವರು.

ಯಾವುದು ಸರಿಯೆಂದು ಆ ಪಂಡಿತರಲ್ಲೇ ಇನ್ನೂ ತೀರ್ಮಾನವಾಗಿಲ್ಲ ಎಂದೆ. ಅದು ನಿಜವಾಗಿತ್ತು.

"ಅಂಗಾರೆ ತೀರ್ಮಾನ ಆಗೋಗಂಟ ನಿನ್ ಎಡ್ತಿನೇ ಅಟ್ಣೆ ಅತ್ಲಿ ಬುಡ್ಲಾ," ಎಂದರು ಅವರು ದೊಡ್ಡಪ್ಪನ ಕಡೆ ತಿರುಗಿ.

ಜಗಲಿಯೆಲ್ಲ ನಕ್ಕಿತು. ದೊಡ್ಡಪ್ಪನೂ ನಕ್ಕರು... ನಾನು ಎದ್ದು ಒಳಗೆ ಹೋದೆ.

ಮುಂದೆ ಊರಿಗೆ ಹೋದಾಗಲೆಲ್ಲ ಅವರ ಬಾಗಿಲು ತಪ್ಪಿಸಿ ಹಿತ್ತಲ ದಾರಿ ಹಿಡಿಯುತ್ತಿದ್ದೆ. ಅವರ ಮುಖ ನೋಡಲು ನಾಚಿಕೆ. ಅವರಿಗೂ ನನ್ನನ್ನು ನೋಡುವುದು ಬೇಡವಾಗಿರಬೇಕು ಎಂದುಕೊಂಡಿದ್ದೆ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನಾನು ಹೋದಾಗ ದೊಡ್ಡಮ್ಮ ರಾಗಿ ಕೇರುತ್ತಿದ್ದರು.

"ನೀ ಕೇಳಿದ್ಕೆ ಜವಾಬು ಏಳ್ಬೇಕು ಅಂತಿದ್ರು ಕಣವ್ವ. ಆ ಮೊಗ ಒಬ್ಳೇ ಬರ್ಲಿ, ಏಳ್ತೀನಿ ಅಂತ. ನೀ ಬಂದಿದ್ದಿಯ ಅಂತ ಗೊತ್ತಾದ್ರೆ ಸಾಕು, ಬಾಗ್ಲು ಬುಟ್ಟು ಅಲ್ಲಾಡ್ತಿರ್ನಿಲ್ಲ."

"ನಿಮ್ಗೆ ಹೇಳಿದ್ರಾ?"

ಮೊರ ನಿಂತಿತು. "ಇಲ್ಲ ಕಣವ್ವ. ನಾನಾದ್ರೂ ಯಾವತ್ತು ಕೇಳಿದ್ದೆ?"

ಈಗ ಪರೀಕ್ಷೆಗೆ ಆ ಪಂಥಗಳನ್ನು ಹೋಲಿಸಿ ಪುಟಗಟ್ಟಲೆ ಬರೆಯಬಲ್ಲೆ. ದೊಡ್ಡಪ್ಪ ಹೇಳಬೇಕೆಂದಿದ್ದುದು ಯಾವುದಕ್ಕೆ ಸೇರುತ್ತಿತ್ತೋ... ಒಂದಕ್ಕೂ ಸೇರದೆ ಇರಬಹುದಿತ್ತು. ಅದನ್ನು ಹೇಳಲು ಅವರು ಬಾಗಿಲಲ್ಲಿ ಕಾದು ಕೂತಿದ್ದಾಗ, ನಾನು ಸದ್ದಾಗದಂತೆ ಹಿತ್ತಲಿನಿಂದ ನಡೆದು ಹೋಗುತ್ತಿದ್ದೆ.