ಗೀಜಗನ ಗೂಡು ಕಿತ್ತ ಮಧ್ಯಾಹ್ನ

ಸೂಪರ್ ಮಾರ್ಕೆಟ್‌ನಲ್ಲಿ ಕೆಂಪು ಬಾಳೆಹಣ್ಣಿನ ವಾಸನೆ ಬಂದದ್ದೇ ಕಮಲಾಪುರದ ನಮ್ಮ ಅಜ್ಜಿ, ಆಯಿಯ ತೋಟ ನೆನಪಾಯಿತು. ಚಿಕ್ಕವನಿದ್ದಾಗ ಅಲ್ಲಿ ಬಾವಿಯ ಮೇಲೆ ಬಾಗಿದ್ದ ಜಾಲಿ ಗಿಡದಿಂದ ಗೀಜಗನ ಗೂಡೊಂದನ್ನು ಕಿತ್ತು ತಂದು ಆಯಿಗೆ ತೋರಿಸಿದ್ದೆ.

"ಯಾರ ಮನಿ ಕಿತ್ತಿಯೋ? ಹೋಗು, ಅದು ಮತ್ತ ಹ್ಯಾಂಗ ಕಟ್ಟತದ ಅಲ್ಲೇ ಕುಂತು ನೋಡು. ಸಂಜೀತನಕ ಊಟಿಲ್ಲ."

ಕೂತೆ. ಹಕ್ಕಿ ಬಾಳೆ ಎಲೆಯಿಂದ ಎಳೆ ಸೀಳಿ ತಂದು, ತಲೆಕೆಳಗಾಗಿ ಜೋತು ಗಂಟು ಹಾಕುತ್ತಿತ್ತು. ನೋಡುತ್ತ ನೋಡುತ್ತ ಹಸಿವೇ ಮರೆತೆ.

ಈಗ ಕಪನೂರ ರಸ್ತೆಬದಿಯ ಜಾಲಿ ಗಿಡಕ್ಕೆ, ರಸ್ತೆ ಅಗಲಿಸಲೆಂದು ಕಡಿಯುವ ಗುರುತು ಹಾಕಿದ್ದಾರೆ. ಅದರಲ್ಲಿ ಹನ್ನೊಂದು ಗೂಡುಗಳಿವೆ. ಮರಿ ಹಾರುವವರೆಗಾದರೂ ತಡೆಯಿರಿ ಎಂದು ಅರಣ್ಯ ಇಲಾಖೆಗೆ ಮೂರು ಅರ್ಜಿ ಕೊಟ್ಟೆ. ಉತ್ತರವಿಲ್ಲ.

"ಜಾಲಿ ಗಿಡಕ್ಕ ಇಷ್ಟ್ಯಾಕ್ರಿ ಸರ?" ಎಂದ ಗಿಡ ಕಡಿಸುವ ಗುತ್ತಿಗೆದಾರ.

"ಒಂದಿನ ಬಂದು ಕುಂತು ನೋಡ್ರಿ, ತಿಳೀತದ."

ನಾಳೆ ಬೆಳಿಗ್ಗೆ ಕಡಿಯುವವರು ಬರುತ್ತಾರೆ. ನಾನು ಬುಡದಲ್ಲಿ ಕೂತಿರುತ್ತೇನೆ. ಇವತ್ತು ಕೊಂಡ ಈ ಡಜನ್ ಬಾಳೆಹಣ್ಣು ಅದಕ್ಕೇ.