ಬೆನ್ನಿಗೆ ಬಂದ ಬಿಸಿನೀರಿನ ಚೀಲ

ಕಾರಿನ ಬಾಗಿಲು ಮುಟ್ಟಿದರೆ ಕೈ ಚುರ್ರೆನ್ನುವ ದುಬೈಯ ಆಗಸ್ಟಿನಲ್ಲಿ ಹಾಟ್ ವಾಟರ್ ಬ್ಯಾಗ್ ಹುಡುಕುತ್ತ ಮನೆಯಿಡೀ ಅಲೆಯುವ ಹೆಂಗಸು ನಾನು. ನಗಬೇಡಿ. ಊರೆಲ್ಲ ಬೇಯುತ್ತಿದ್ದರೂ ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಫ್ಲ್ಯಾಟಿನಲ್ಲಿ ಎಸಿ ಕೊರೆಯುತ್ತದೆ; ತಿಂಗಳ ಆ ನೋವಿಗಂತೂ ಹವಾಮಾನದ ಪರಿವೆಯೇ ಇಲ್ಲ. ಬಿಗಿದ ಸ್ನಾಯು ಶಾಖಕ್ಕೆ ಸಡಿಲವಾಗುತ್ತದೆ ಎನ್ನುತ್ತಾರೆ ಡಾಕ್ಟರು. ನಮ್ಮಜ್ಜಿ ಏನೂ ಹೇಳದೆ ಹುರಿದ ಉಪ್ಪಿನ ಗಂಟು ಒತ್ತುತ್ತಿದ್ದರು.

ಮಂಗಳೂರಿನ ನಮ್ಮ ಮನೆಯಲ್ಲಿ ಆ ನೋವಿಗೆ ಹೆಸರಿರಲಿಲ್ಲ. ಗಂಡಸರು ಹತ್ತಿರವಿದ್ದರೆ ಅದು 'ಬೆನ್ನುನೋವು'. ಅಮ್ಮ, ಚಿಕ್ಕಮ್ಮ, ಅಕ್ಕ, ಎಲ್ಲರಿಗೂ ತಿಂಗಳಿಗೊಮ್ಮೆ ಬೆನ್ನುನೋವು. ಮನೆಯ ಹೆಂಗಸರ ಬೆನ್ನೆಲುಬಿನ ಬಗ್ಗೆ ಅಪ್ಪನಿಗೆ ಬಹಳ ಚಿಂತೆಯಿತ್ತು.

ಮದುವೆಯಾಗಿ ಇಲ್ಲಿಗೆ ಬಂದ ಮೊದಲ ಬೇಸಿಗೆ. ಹೋಟೆಲಿನ ರಿಸೆಪ್ಷನ್ನಿನಲ್ಲಿ ಹೊಸ ಕೆಲಸ, ಪ್ರೊಬೇಷನ್ ಮುಗಿದಿರಲಿಲ್ಲ, ರಜೆ ಕೇಳಿದರೆ ಕೆಲಸವೇ ಹೋದೀತೆಂಬ ಭಯ. ಸಂಜೆ ಪಾಳಿಯ ಬಸ್ಸು ಬರುವ ಹೊತ್ತಾದರೂ ಸುರುಟಿಕೊಂಡು ಮಲಗಿದ್ದೆ.

"ಎಂತಾಯ್ತು ಮಾರಾಯ್ತಿ?" ಎಂದರು ನಮ್ಮವರು.

"ಬೆನ್ನುನೋವು. ಬ್ಯಾಗಿಗೆ ಸ್ವಲ್ಪ ಬಿಸಿನೀರು ತುಂಬಿಸಿ ಕೊಡ್ತೀರಾ?" ರೂಢಿಯ ಮಾತು, ತಾನಾಗಿಯೇ ಬಂತು.

ತಾರಸಿಯ ಟ್ಯಾಂಕಿನ ದಯೆಯಿಂದ ಇಲ್ಲಿ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯೇ ಸುಡುತ್ತದೆ. ಗಲ್ಫಿನ ಹಳಬರಾದ ಅವರು ಅದರಿಂದಲೇ ತುಂಬಿಸಿ ತಂದು, ನನ್ನನ್ನು ಬೋರಲು ಮಲಗಿಸಿ, ಬ್ಯಾಗನ್ನು ಬೆನ್ನ ಮೇಲಿಟ್ಟು, ಜಾರದಂತೆ ಹಿಡಿದು ಕುಳಿತುಬಿಟ್ಟರು. ಅಷ್ಟು ಪ್ರೀತಿಯಿಂದ ತಪ್ಪು ಜಾಗಕ್ಕೆ ಯಾರೂ ಶಾಖ ಕೊಟ್ಟಿರಲಾರರು. ನಾನು ಮೆಲ್ಲಗೆ ಮಗ್ಗುಲು ತಿರುಗಿದರೆ "ಅಲುಗಾಡ್ಬೇಡ" ಎಂದು ಮತ್ತೆ ಬೋರಲು ಮಾಡುವರು. ನೋವೂ ಸಿಟ್ಟೂ ಒಟ್ಟಿಗೇ ಏರಿ ಕಿರುಚಿದೆ: "ಬೆನ್ನಲ್ಲ ಮಾರಾಯ್ರೇ! ಪಿರಿಯಡ್ಸ್! ಹೊಟ್ಟೆಗೆ ಇಡಿ!"

ಅವರು ಪೆಚ್ಚಾದರು. ಚೀಲ ಹೊಟ್ಟೆಗೆ ಬಂತು, ನಾನು ಬಸ್ಸು ಹತ್ತಿದೆ, ಕೆಲಸ ಉಳಿಯಿತು.

ಮುಂದಿನ ತಿಂಗಳು ಅವರು ಬ್ಯಾಗ್ ತುಂಬಿಸುತ್ತಿದ್ದಾಗ ಊರಿನಿಂದ ಅತ್ತೆಯ ಫೋನು. ಇವರು ಸ್ಪೀಕರಿನಲ್ಲಿಟ್ಟು, "ಅವಳಿಗೆ ಪಿರಿಯಡ್ಸ್ ಅಮ್ಮಾ, ಹೊಟ್ಟೆಗೆ ಶಾಖ ಕೊಡ್ಲಿಕ್ಕುಂಟು" ಎಂದುಬಿಟ್ಟರು. ನಾನು ನಾಚಿ ದಿಂಬಿನಲ್ಲಿ ಮುಖ ಹುದುಗಿಸಿದೆ. ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಅತ್ತೆ ದನಿ ತಗ್ಗಿಸಿದರು:

"ಮಗಾ, ನಂಗೆ ಅದೆಲ್ಲ ನಿಂತು ಎಷ್ಟೋ ವರ್ಷ ಆಯ್ತು. ನಿನ್ನಪ್ಪ ಮಾತ್ರ ಈಗ್ಲೂ ತಿಂಗಳಿಗೊಮ್ಮೆ ಬೆನ್ನಿಗೆ ಎಣ್ಣೆ ತಿಕ್ಲಿಕ್ಕೆ ಬರ್ತಾರೆ. ಅವರಿಗೆ ಹೇಳ್ಬೇಡ, ಆಯ್ತಾ? ಹಿತ ಆಗ್ತದೆ."