ಸತ್ತನೆಂದು ತೀರ್ಪಾದವನು ಬಾಗಿಲಿಗೆ ಬಂದಾಗ

ಫಾದರ್ ಥದೇಯೊ ರುತಬಿಂಗ್ವಾ ಅವರ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತನ್ನು ನಾನು ಕೇಳಿದ್ದು ಒಂದೇ ಸಲ. ಅವರು ರೋಮಿನಲ್ಲಿ ಧರ್ಮಸಭೆಯ ಕಾನೂನು ಓದಿ ಬಂದವರು. ಸಮುದ್ರದಷ್ಟು ದೊಡ್ಡ ಸರೋವರದ ಪಶ್ಚಿಮ ದಂಡೆಯ ನಮ್ಮ ಹಾಯಾ ಜನರ ಮದುವೆ ವ್ಯಾಜ್ಯಗಳೆಲ್ಲ ಬಂದು ನಿಲ್ಲುತ್ತಿದ್ದದ್ದು ದೊಡ್ಡ ಚರ್ಚಿನ ಹಿಂದಿನ ಅವರ ಕೋಣೆಯ ಬಾಗಿಲಲ್ಲಿ. ನಾನು ಅಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುವವಳು. ಅಳುತ್ತ ಬಂದವರಿಗೆ ಫಾದರ್ ಮೊದಲು, ನಮ್ಮಲ್ಲಿ ನೆಂಟರಿಗೆ ಕೊಡುವ ಹಾಗೆ, ಅಗಿಯಲು ನಾಲ್ಕು ಕಾಫಿ ಬೀಜ ಕೊಡುತ್ತಿದ್ದರು. ಅಳು ನಿಂತ ಮೇಲೆಯೇ ಪ್ರಶ್ನೆ.

ಪುಲ್ಕೇರಿಯಾ ಅಳುತ್ತ ಬಂದವಳಲ್ಲ. ಅವಳ ಗಂಡ ಬ್ಯಾಬಾತೊ ಮೀನಿಗೆ ಹೋಗಿದ್ದ ದೋಣಿ ಬಿರುಗಾಳಿಗೆ ಮಗುಚಿ ವರ್ಷಗಳೇ ಕಳೆದಿದ್ದವು. ಹೆಣ ಸಿಕ್ಕಿರಲಿಲ್ಲ. ಈಗ ಕಾಫಿ ವ್ಯಾಪಾರಿ ಪ್ರೊಜೆಸ್ಟಸ್ ಅವಳನ್ನು ಮದುವೆಯಾಗುತ್ತೇನೆಂದು ಮುಂದೆ ಬಂದಿದ್ದ.

“ಕಾಣೆಯಾದವರೆಲ್ಲ ಸತ್ತವರಲ್ಲಮ್ಮ,” ಎಂದರು ಫಾದರ್. “ಸತ್ತ ಅನ್ನೋಕೆ ನಂಗೆ ಗಟ್ಟಿ ಸಾಕ್ಷಿ ಬೇಕು.”

“ಮೀನುಗಳನ್ನ ಕರೆಸಿ ಕೇಳ್ತೀರಾ ಫಾದರ್?” ಎಂದಳು ಅವಳು.

ಫಾದರ್ ನಗಲಿಲ್ಲ. ತಾವೇ ದೋಣಿ ಹತ್ತಿ ದ್ವೀಪಗಳನ್ನು ಅಲೆದರು. ಮಗುಚಿದ ದೋಣಿಯಿಂದ ಬದುಕಿ ಬಂದ ಇಬ್ಬರು ಬೆಸ್ತರು ಸಿಕ್ಕಿದರು. ಬ್ಯಾಬಾತೊ ಮುಳುಗಿದ್ದನ್ನು ಕಣ್ಣಾರೆ ಕಂಡೆವೆಂದು ಬೈಬಲ್ ಮುಟ್ಟಿ ಹೇಳಿದರು. ಒಬ್ಬನಂತೂ ಬಿಕ್ಕಿಬಿಕ್ಕಿ ಅತ್ತ. ಫಾದರ್ ಮಾತಿನ ಮೇಲೆ ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ತೀರ್ಪಿಗೆ ಸಹಿ ಹಾಕಿದರು: ಬ್ಯಾಬಾತೊ ಸತ್ತಿದ್ದಾನೆ, ಪುಲ್ಕೇರಿಯಾ ಮರುಮದುವೆಯಾಗಬಹುದು. ಮದುವೆ ಮಾಡಿಸಿದವರೂ ಫಾದರ್ ಅವರೇ. ಆಮೇಲೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟವರೂ ಅವರೇ.

ಮಿಡತೆ ಹಿಡಿಯುವ ಕಾಲದ ಒಂದು ಬೆಳಿಗ್ಗೆ. ನಾವಿಬ್ಬರೂ ಹುರಿದ ಮಿಡತೆ ಮೆಲ್ಲುತ್ತ ಕೂತಿದ್ದೆವು. ನರೆತ ಗಡ್ಡದವನೊಬ್ಬ ಬಾಗಿಲಲ್ಲಿ ಬಂದು ನಿಂತ.

“ಫಾದರ್, ಸತ್ತವನಿಗೆ ಕೂರೋಕೆ ಕುರ್ಚಿ ಕೊಡ್ತೀರಾ?”

ಹುಚ್ಚನಿರಬೇಕು ಎಂದುಕೊಂಡೆ.

“ನಾನು ಬ್ಯಾಬಾತೊ. ನಮ್ಮಣ್ಣಂದಿರು ನನ್ನ ಬಾಳೆತೋಟ ಹಂಚ್ಕೊಂಡ್ಬಿಟ್ಟಿದಾರೆ. ಕೇಳಿದ್ರೆ, ನೀನು ಸತ್ತಾಯ್ತು, ಚರ್ಚಿನವರೇ ಹೇಳಿದಾರೆ ಹೋಗು ಅಂತಾರೆ.”

ಫಾದರ್ ಎದ್ದು ಹೋಗಿ ಅವನ ಮಣಿಕಟ್ಟು ಹಿಡಿದು ನೋಡಿದರು. ನಾಡಿ ನೋಡಿದರೋ, ತಾವೇ ಬೀಳದಂತೆ ಆಸರೆ ಹಿಡಿದರೋ, ತಿಳಿಯಲಿಲ್ಲ. 

“ಆ ಇಬ್ಬರು... ದೇವರ ಮುಂದೆ ಪ್ರಮಾಣ ಮಾಡಿದ್ರಲ್ಲಪ್ಪಾ?”

“ನಾನೇ ಹೇಳಿಸಿದ್ದು. ಆಚೆ ದಂಡೇಲಿ ಇನ್ನೊಬ್ಬಳಿದ್ಲು, ನನ್ನ ಮದುವೆಗೆ ಮುಂಚಿಂದಾನೂ. ಈಗ ಅವಳೂ ಒದ್ದು ಓಡಿಸಿದ್ಲು.”

ಅವನನ್ನು ಅಲ್ಲೇ ಕೂರಿಸಿ ಫಾದರ್ ಪುಲ್ಕೇರಿಯಾಳ ಮನೆಗೆ ಹೊರಟರು. ನಾನೂ ಹಿಂದೆಯೇ ಓಡಿದೆ. ಅವಳು ಅಂಗಳದಲ್ಲಿ ಬಾಳೆಕಾಯಿ ಸುಲಿಯುತ್ತಿದ್ದಳು.

“ಬ್ಯಾಬಾತೊ ಬದುಕಿದಾನೆ, ತಾಯಿ. ಆ ಸಾಕ್ಷಿ ಅವನೇ ಹೇಳಿಸಿದ ಸುಳ್ಳು.”

ಅವಳು ನಕ್ಕಳು. ಫಾದರ್ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು.

“ಹಾಗಾದ್ರೆ ನಾನೀಗ ಯಾರ ಹೆಂಡ್ತಿ?”

“ಕಾನೂನಿನ ಪ್ರಕಾರ... ಅವನ ಹೆಂಡ್ತಿ.”

“ಆ ಕಳ್ಳನ ಹೆಂಡ್ತಿಯಾ? ಅವನನ್ನ ಸಾಯಿಸಿದ್ದು ನೀವೇ ಅಲ್ವಾ ಫಾದರ್? ಇದೇ ಅಂಗಳದಲ್ಲಿ ಕೂತು ಮದುವೆ ಊಟ ಉಂಡ್ರಲ್ಲ!”

ಒಳಗಿಂದ ಪ್ರೊಜೆಸ್ಟಸ್ ಬಂದ. “ಮಕ್ಕಳು, ಫಾದರ್? ನಾಳೆ ಊರವರು ಅವರನ್ನ ಏನಂತ ಕರೀತಾರೆ?”

“ಅವರ ಹುಟ್ಟಿಗೆ ಕಳಂಕ ಇಲ್ಲ. ನೀವಿಬ್ರೂ ನಂಬಿ ಮದುವೆಯಾದವರು. ಕಾನೂನೂ ಹಾಗೇ ಹೇಳತ್ತೆ.”

“ಮತ್ತೆ ನಾನೇನು ಮಾಡ್ಲಿ?” ಎಂದಳು ಪುಲ್ಕೇರಿಯಾ.

“ಗೊತ್ತಿಲ್ಲ,” ಎಂದ ಫಾದರ್ ಬಾಳೆಸಿಪ್ಪೆಯ ನಡುವೆ ನೆಲದ ಮೇಲೆ ಕೂತುಬಿಟ್ಟರು.

ಆ ಭಾನುವಾರ ಚರ್ಚಿನ ಪೂಜೆಯಲ್ಲಿ ಅವರು ಪೀಠದಿಂದ ಇಳಿದು ಜನರ ನಡುವೆ ನಿಂತು ಹೇಳಿದರು: “ಆ ಮನೆಯವರದ್ದು ತಪ್ಪಿಲ್ಲ. ಸುಳ್ಳು ಸಾಕ್ಷಿಯನ್ನು ನಂಬಿದವನು ನಾನು. ಬಯ್ಯುವವರು ನನ್ನನ್ನು ಬಯ್ಯಿರಿ.”  ಪಾದ್ರಿ ಜನರ ಮುಂದೆ ಹೀಗೆ ತಲೆ ತಗ್ಗಿಸಿದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

ಬ್ಯಾಬಾತೊನ ಜೊತೆಗಿನ ಮದುವೆ ಮೊದಲಿಂದಲೂ ಮೋಸವೇ, ಅದು ಮದುವೆಯೇ ಅಲ್ಲ ಎಂದು ಪುಲ್ಕೇರಿಯಾ ಅರ್ಜಿ ಹಾಕಿದಳು. ಫಾದರ್ ಅದನ್ನು ಕೈಯಲ್ಲೂ ಮುಟ್ಟಲಿಲ್ಲ. ಪಕ್ಕದ ಧರ್ಮಾಧ್ಯಕ್ಷರ ಸೀಮೆಯ ನ್ಯಾಯಪೀಠಕ್ಕೆ ಕಳಿಸಿ, ತಾವು ಅಲ್ಲಿ ಸಾಕ್ಷಿಯ ಬೆಂಚಿನಲ್ಲಿ ಕೂತರು. ಬ್ಯಾಬಾತೊನೂ ನಿಜ ಹೇಳಿದ. ಫಾದರ್ ಅವನ ಅಣ್ಣಂದಿರ ಬಾಗಿಲಿಗೆ ಹೋಗಿ ತೋಟ ಬಿಡಿಸಿಕೊಟ್ಟಿದ್ದರು.

ತೀರ್ಪು ಬರುವವರೆಗೂ ಪ್ರೊಜೆಸ್ಟಸ್ ಕಾಫಿ ಗೋದಾಮಿನಲ್ಲಿ ಮಲಗಿದ. “ಏನಯ್ಯಾ, ಹೆಂಡ್ತಿ ಮನೆಗೆ ನೆಂಟನಾ?” ಎಂದು ಊರು ಆಡಿಕೊಂಡಿತು. 

ಹಳೆಯ ಮದುವೆ ಅಸಿಂಧು ಎಂದು ತೀರ್ಪು ಬಂತು. ಪ್ರೊಜೆಸ್ಟಸ್ ಜೊತೆಗಿನ ಮದುವೆ ಈಗ ಹೊಸದಾಗಿ ಆಗಬೇಕಿತ್ತು; ಅದನ್ನು ಬೇರೆ ಪಾದ್ರಿ ಮಾಡಿಸಲಿ ಎಂದು ಫಾದರ್ ಎಷ್ಟು ಹೇಳಿದರೂ ಪುಲ್ಕೇರಿಯಾ ಕೇಳಲಿಲ್ಲ. “ನಿಮ್ಮ ಕೈಲಿ ಬಿಚ್ಚಿದ ಗಂಟು. ನೀವೇ ಕಟ್ಟಬೇಕು.”

ಮುಂದೆಯೂ ಅವರು ಬಹಳ ಕಾಲ ಅದೇ ಕೋಣೆಯಲ್ಲಿ ನ್ಯಾಯ ಹೇಳಿದರು. ಸಾವಿನ ಅರ್ಜಿಗಳನ್ನು ಮಾತ್ರ ಬೇರೆಯವರಿಗೆ ಬಿಟ್ಟರು. ಪುಲ್ಕೇರಿಯಾ, ಪ್ರೊಜೆಸ್ಟಸ್ ಇಬ್ಬರಿಗೂ ಮತ್ತೆ ಮದುವೆ ಮಾಡಿಸಿದ ದಿನ ವಚನ ಹೇಳಿಸುವ ಮುಂಚೆ ಫಾದರ್ ಕಣ್ಣು ಚರ್ಚಿನ ದೊಡ್ಡ ಬಾಗಿಲಿನ ಮೇಲೆ ನೆಟ್ಟು ನಿಂತುಬಿಟ್ಟಿತು.

“ಯಾರೂ ಬರಲ್ಲ ಫಾದರ್,” ಎಂದಳು ಪುಲ್ಕೇರಿಯಾ ಮೆಲ್ಲಗೆ. “ಹೇಳಿಸಿ.”